ತಕ್ಕಡಿಗೆ ಸಿಗದ ಮೇಷ್ಟ್ರು

ಕೆಲವು ವರ್ಷಗಳ ಹಿಂದೆ ಒಂದು ವಿಶ್ವವಿದ್ಯಾಲಯದ ಮೆಕ್ಯಾನಿಕಲ್ ವಿಭಾಗಕ್ಕೆ ಸಹಾಯಕ ಪ್ರಾಧ್ಯಾಪಕರನ್ನು ಆರಿಸುವ ಸಮಿತಿಯಲ್ಲಿ ನಾನೂ ಕೂತಿದ್ದೆ, ಹೊರಗಿನ ತಜ್ಞನ ಲೆಕ್ಕದಲ್ಲಿ. ಗೋಡೆಯ ಮೇಲೆ ಎಕ್ಸೆಲ್ ಶೀಟು. ಹೆಸರು, ಪಿಎಚ್‌ಡಿ ಆದ ವರ್ಷ, ಸ್ಕೋಪಸ್ ಸೂಚಿಯಲ್ಲಿನ ಪೇಪರ್, ಸೈಟೇಶನ್, ಎಚ್ ಇಂಡೆಕ್ಸ್, ಕೊನೆಗೆ ಒಟ್ಟು. ಒಟ್ಟು ಅಂಕದ ಪ್ರಕಾರ ಮೇಲಿನಿಂದ ಕೆಳಕ್ಕೆ ಜೋಡಿಸಿಟ್ಟಿದ್ದರು. ಹತ್ತೊಂಬತ್ತನೇ ಸಾಲಿನ ಹುಡುಗ ಒಳಗೆ ಬಂದ. ಹಾವೇರಿ ಕಡೆಯವನು. ಕೂರುವ ಮುಂಚೆಯೇ ಬ್ಯಾಗಿನಿಂದ ಪೇಪರಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮೋಟಾರಿನ ತಳದಲ್ಲಿ ಕೂರುವ ಕಾರ್ಬನ್ ಥ್ರಸ್ಟ್ ಬೇರಿಂಗ್. ಒಂದು ಮಗ್ಗುಲು ಸವೆದು ಬಿಲ್ಲೆಯ ಹಾಗಾಗಿತ್ತು. ನೀರಿನ ಜೊತೆ ಬರುವ ನುಣ್ಣನೆ ಮರಳು ಅದನ್ನು ಹೇಗೆ ತಿನ್ನುತ್ತದೆ, ಯಾವ ಆಕಾರದ ಗೀರು ಕೊಟ್ಟರೆ ಆ ಮರಳು ಹೊರಕ್ಕೆ ಹರಿದುಹೋಗುತ್ತದೆ ಎಂಬುದರ ಮೇಲೆ ಅವನು ಐದು ವರ್ಷ ಕೆಲಸ ಮಾಡಿದ್ದ.

"ಇದನ್ನ ಒಂದ್ಸಲ ಕೈಯಾಗ ಹಿಡದು ನೋಡ್ರಿ ಸರ್" ಅಂದ.

ಅಧ್ಯಕ್ಷರು ಬಿಸ್ಕತ್ ತಟ್ಟೆಯನ್ನು ಆಚೆಗೆ ಸರಿಸಿದರೇ ಹೊರತು ಬೇರಿಂಗನ್ನು ಮುಟ್ಟಲಿಲ್ಲ. "ಎಚ್ ಇಂಡೆಕ್ಸ್ ಎಷ್ಟಪ್ಪ ನಿಂದು?"

"ನಾಲ್ಕು ಸರ್."

"ಪೇಪರ್?"

"ಐದು ಸರ್."

ಎಂಟು ನಿಮಿಷಕ್ಕೆ ಅವನನ್ನು ಕಳಿಸಿದರು. ಆಯ್ಕೆಯಾದವರು ಮೊದಲ ಸಾಲಿನವರು, 43 ಪೇಪರಿನವರು. ಅವತ್ತು ರಾತ್ರಿ ಗೆಸ್ಟ್ ಹೌಸಿನಲ್ಲಿ ನಿದ್ದೆ ಬಾರದೆ ಅವರ ಮೂರು ಪೇಪರ್ ತೆಗೆದು ಓದಿದೆ. ಒಂದರಲ್ಲಿ ಅಲ್ಯೂಮಿನಿಯಂಗೆ ಹಾರುಬೂದಿ ಶೇ. 3 ಬೆರೆಸಿ ಗಡಸುತನ ಅಳೆದಿದ್ದರು. ಇನ್ನೊಂದರಲ್ಲಿ ಶೇ. 6. ಮತ್ತೊಂದರಲ್ಲಿ ಶೇ. 9. ಮೂರರ ಪೀಠಿಕೆಯೂ ಒಂದೇ. ಆ ಓದನ್ನು ನಾನು ಸಹಿ ಹಾಕುವ ಮುಂಚೆ ಮಾಡಬೇಕಿತ್ತು. ಮಾಡಲಿಲ್ಲ. ಈ ಲೇಖನ ಆ ಮಟ್ಟಿಗೆ ನನ್ನ ವಿರುದ್ಧವೂ ಹೌದು.

ಎಂಜಿನಿಯರಿಂಗ್ ಬೋಧಕರ ನೇಮಕದ ಬಗ್ಗೆ ಈಗ ನಮ್ಮಲ್ಲಿ ಒಂದೇ ಮಾತು ಚಾಲ್ತಿಯಲ್ಲಿದೆ. "ಅಂಕ ಹಾಕಿ, ಅಂಕದ ಪ್ರಕಾರ ತಗೊಳ್ಳಿ. ಆಗ ವಶೀಲಿ ಇಲ್ಲ, ಜಾತಿ ಇಲ್ಲ, ದುಡ್ಡಿಲ್ಲ." ಮಂತ್ರಿಗಳು ಇದನ್ನೇ ಹೇಳುತ್ತಾರೆ, ಕುಲಪತಿಗಳು ಇದನ್ನೇ ಹೇಳುತ್ತಾರೆ, ಕೆಲಸ ಸಿಗದ ಅಭ್ಯರ್ಥಿಗಳೂ ಇದನ್ನೇ ಹೇಳುತ್ತಾರೆ. ಸಂಶೋಧನಾ ವಿಶ್ವವಿದ್ಯಾಲಯ ಎಂದು ಹೆಸರು ಹೊತ್ತ ಕಡೆಯಂತೂ ಸಂಖ್ಯೆಯೇ ದೇವರು. ಈ ಮಾತು ತಪ್ಪು. ಅದು ಪಾರದರ್ಶಕವಾಗಿಯೂ ಇಲ್ಲ, ನ್ಯಾಯವಾಗಿಯೂ ಇಲ್ಲ, ಎಂಜಿನಿಯರಿಂಗ್ ಮಟ್ಟಿಗಂತೂ ಹಾನಿಕರ. ನಮ್ಮ ಸಮಿತಿಗಳಿಗೆ ಓದುವ ಶ್ರಮವನ್ನು ತಪ್ಪಿಸಿದ್ದು ಮಾತ್ರ ಅದರ ಸಾಧನೆ.

ಆ ಅಂಕದ ಒಳಗೇನಿದೆ ನೋಡೋಣ. ಯುಜಿಸಿ 2010ರಲ್ಲಿ ಎಪಿಐ ಎಂಬ ಅಂಕಪದ್ಧತಿ ತಂದಿತು, 2018ರಲ್ಲಿ ಅದನ್ನು ಹೊಸ ಕೋಷ್ಟಕವಾಗಿ ಬದಲಿಸಿತು. ಸಹ ಪ್ರಾಧ್ಯಾಪಕನಾಗಲು ಸಂಶೋಧನಾ ಅಂಕ 75 ಬೇಕು, ಪ್ರಾಧ್ಯಾಪಕನಾಗಲು 120. ಕೋಷ್ಟಕದಲ್ಲಿ ವಿಜ್ಞಾನ, ಕೃಷಿ, ವೈದ್ಯಕೀಯದ ಜೊತೆಗೆ ಎಂಜಿನಿಯರಿಂಗ್ ಹೆಸರೂ ಒಂದೇ ಅಂಕಣದಲ್ಲಿದೆ. ಪೇಪರಿಗೆ ಒಬ್ಬನೇ ಲೇಖಕನಾದರೆ ಪೂರ್ತಿ ಅಂಕ. ಇಬ್ಬರಾದರೆ ತಲಾ ಶೇ. 70. ಇಬ್ಬರಿಗಿಂತ ಹೆಚ್ಚಾದರೆ ಮುಖ್ಯ ಲೇಖಕನಿಗೆ ಶೇ. 70, ಮಿಕ್ಕವರಿಗೆ ತಲಾ ಶೇ. 30. ಈಗ ಬೆರಳೆಣಿಸಿ. ಒಂದು ಪೇಪರಿನ ಬೆಲೆ 100 ಎಂದಿಟ್ಟುಕೊಂಡರೆ ಒಬ್ಬನೇ ಬರೆದಾಗ ಹುಟ್ಟುವುದು 100. ಇಬ್ಬರು ಬರೆದರೆ 140. ಆರು ಜನ ಹೆಸರು ಹಾಕಿಕೊಂಡರೆ 70ಕ್ಕೆ ಐದು ಮೂವತ್ತು ಸೇರಿ 220. ಹಂಚಿಕೊಂಡಷ್ಟೂ ಹೆಚ್ಚುವ ರೊಟ್ಟಿ ಜಗತ್ತಿನಲ್ಲಿ ಇದೊಂದೇ ಇರಬೇಕು. ಪಕ್ಕದ ಕೋಣೆಯವನ ಹೆಸರು ಸೇರಿಸು, ಅವನು ನಿನ್ನದನ್ನು ಸೇರಿಸುತ್ತಾನೆ. ಇದನ್ನು ಕಂಡುಹಿಡಿಯಲು ನಮ್ಮ ಮೇಷ್ಟ್ರುಗಳಿಗೆ ಒಂದು ಸೆಮಿಸ್ಟರ್ ಕೂಡ ಬೇಕಾಗಲಿಲ್ಲ.

ಅದೇ ಕೋಷ್ಟಕದಲ್ಲಿ ಇನ್ನೊಂದು ಸಾಲಿದೆ. ದೇಶದೊಳಗಿನ ಪೇಟೆಂಟಿಗೆ 7 ಅಂಕ. ಪಟ್ಟಿಯಲ್ಲಿರುವ ಪತ್ರಿಕೆಯೊಂದರ ಸಾಮಾನ್ಯ ಪೇಪರಿಗೆ 8. ಎಂಜಿನಿಯರನಿಗೆ ನಾವು ಹೇಳಿಕೊಡುತ್ತಿರುವ ಪಾಠ ಇದು: ಹೊಸ ವಸ್ತು ಮಾಡುವುದಕ್ಕಿಂತ ಹಳೆಯ ವಸ್ತುವಿನ ಬಗ್ಗೆ ಬರೆಯುವುದು ಒಂದು ಅಂಕ ಮೇಲು. ಆ "ಪಟ್ಟಿ" ಎಂಥದ್ದಿತ್ತು ಎಂಬುದಕ್ಕೂ ದಾಖಲೆ ಇದೆ. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನದೇ ಅನುಮೋದಿತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. ಅವುಗಳಲ್ಲಿ ಅಚ್ಚಾದ ಪೇಪರಿನ ಬಲದ ಮೇಲೆ ಒಳಗೆ ಬಂದವರನ್ನು ಯಾರೂ ಕೀಳಲಿಲ್ಲ, ಕೀಳಲು ಬರುವಂತೆಯೂ ಇರಲಿಲ್ಲ.

ಸಂಖ್ಯೆಯ ಪರ ಇರುವವರು ಆಗ ಹೇಳುತ್ತಾರೆ, "ಸರಿ, ಕೆಟ್ಟ ಪತ್ರಿಕೆ ಬಿಡಿ. ಒಳ್ಳೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಇರುವುದನ್ನಷ್ಟೇ ಎಣಿಸೋಣ." ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬುದನ್ನು ಯೂಜೀನ್ ಗಾರ್ಫೀಲ್ಡ್ ರೂಪಿಸಿದ್ದು ಯಾವ ಪತ್ರಿಕೆಗಳನ್ನು ಸೂಚಿಗೆ ಸೇರಿಸಿಕೊಳ್ಳಬೇಕು ಎಂದು ತೀರ್ಮಾನಿಸಲು. ಅದು ಪತ್ರಿಕೆಯ ಸರಾಸರಿ, ಪೇಪರಿನ ಗುಣವಲ್ಲ. ಕೆಎಸ್ಸಾರ್ಟಿಸಿ ಬಸ್ಸಿನೊಳಗಿನವರ ಸರಾಸರಿ ತೂಕ ಹಿಡಿದು ಕಿಟಕಿ ಪಕ್ಕ ಕೂತವನ ತೂಕ ಹೇಳಿದ ಹಾಗೆ. ಸೈಟೇಶನ್ ಲೆಕ್ಕದ ಮೇಲೆ ನಿಂತ ಎಚ್ ಇಂಡೆಕ್ಸ್ ಬಂದಿದ್ದು 2005ರಲ್ಲಿ, ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿಯಿಂದ. ಅದಕ್ಕೆ ವಯಸ್ಸು ಬೇಕು. ಮೂವತ್ತೊಂದರ ಹುಡುಗಿಯ ಎಚ್ ಇಂಡೆಕ್ಸ್ ಬಹುಮಟ್ಟಿಗೆ ಅವಳ ಗೈಡ್ ಎಷ್ಟು ದೊಡ್ಡ ಲ್ಯಾಬು ನಡೆಸುತ್ತಾರೆ ಎಂಬುದನ್ನು ಹೇಳುತ್ತದೆ, ಅವಳ ಬಗ್ಗೆ ಕಡಿಮೆ.

ಇನ್ನೂ ದೊಡ್ಡ ತೊಡಕು ವಿಷಯದೊಳಗೇ ಇದೆ. ಸಿವಿಲ್ ವಿಭಾಗಕ್ಕೆ ಒಮ್ಮೆ ಹೋಗಿ ಬನ್ನಿ. ಕಾಂಕ್ರೀಟ್ ಮೇಲೆ ಕೆಲಸ ಮಾಡುವವನು 150 ಮಿಲಿಮೀಟರ್ ಕ್ಯೂಬ್ ಎರಕ ಹೊಯ್ದು ತೊಟ್ಟಿಯ ನೀರಿಗೆ ಬಿಟ್ಟರೆ, ಬಲ ಪರೀಕ್ಷೆಗೆ 28 ದಿನ ಕಾಯಲೇಬೇಕು. ಸಿಮೆಂಟಿಗೆ ಪ್ರಮೋಶನ್ ಅವಸರ ಗೊತ್ತಿಲ್ಲ. ಅದೇ ಕಾಂಕ್ರೀಟು ಭಾರದ ಕೆಳಗೆ ನಿಧಾನವಾಗಿ ಕುಗ್ಗುವುದನ್ನು ಅಳೆಯಬೇಕಾದರೆ ವರ್ಷಗಟ್ಟಲೆ. ಲೋಹದ ದಣಿವು ಪರೀಕ್ಷೆ ಮಾಡುವವನ ಗತಿ ನೋಡಿ: ಒಂದು ಮಾದರಿಯನ್ನು ಸೆಕೆಂಡಿಗೆ 10 ಸಲದಂತೆ ಒಂದು ಕೋಟಿ ಸಲ ಎಳೆದು ಬಿಡಬೇಕೆಂದರೆ ಯಂತ್ರ ಹಗಲೂ ರಾತ್ರಿ ಹನ್ನೊಂದೂವರೆ ದಿನ ಓಡಬೇಕು. ಇಂಥ 15 ಮಾದರಿ ಎಂದರೆ ಹತ್ತಿರ ಹತ್ತಿರ ಆರು ತಿಂಗಳು, ಕರೆಂಟು ಹೋಗದಿದ್ದರೆ. ಅದರಿಂದ ಹುಟ್ಟುವುದು ಒಂದು ಗ್ರಾಫು, ಬಹಳ ಎಂದರೆ ಒಂದು ಪೇಪರು. ಪಕ್ಕದ ಕೋಣೆಯವನು ಯಾರೋ ಅಂತರ್ಜಾಲದಲ್ಲಿ ಹಾಕಿದ ದತ್ತಾಂಶ ಇಳಿಸಿಕೊಂಡು ಅದರ ಮೇಲೆ ಅಲ್ಗಾರಿದಮ್ ಓಡಿಸಿ ಅದೇ ಆರು ತಿಂಗಳಲ್ಲಿ ಆರು ಬರೆಯುತ್ತಾನೆ. ಅವನ ಕೆಲಸ ಕೀಳು ಎನ್ನುತ್ತಿಲ್ಲ. ರಾಗಿಯನ್ನೂ ತೆಂಗಿನಕಾಯಿಯನ್ನೂ ಒಂದೇ ಎಣಿಕೆಯಲ್ಲಿ ಎಣಿಸಬೇಡಿ ಎನ್ನುತ್ತಿದ್ದೇನೆ. ಎಣಿಸಿದ ಫಲ ಆಗಲೇ ಕಣ್ಣಿಗೆ ಬೀಳುತ್ತಿದೆ. ಪ್ರಯೋಗ ಮಾಡುವವರು ಕಡಿಮೆಯಾಗುತ್ತಿದ್ದಾರೆ, ಕಂಪ್ಯೂಟರಿನಲ್ಲಿ ಅನುಕರಿಸುವವರು ಹೆಚ್ಚುತ್ತಿದ್ದಾರೆ. ವರ್ಕ್‌ಶಾಪಿನ ಲೇತ್ ಮೇಲೆ ಧೂಳು.

ಇಷ್ಟೆಲ್ಲ ಇದ್ದರೂ ವಶೀಲಿಯಾದರೂ ತಪ್ಪಿತಲ್ಲ ಎನ್ನುವವರಿಗೆ ಅದೇ 2018ರ ನಿಯಮಾವಳಿಯ ಇನ್ನೊಂದು ಪುಟ ತೋರಿಸಬೇಕು. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಡಿಗ್ರಿ, ಪಿಎಚ್‌ಡಿ, ಪೇಪರು, ಅನುಭವ ಎಲ್ಲ ಸೇರಿಸಿ 100 ಅಂಕ ಹಾಕುತ್ತಾರೆ. ಆದರೆ ಆ ಅಂಕ ಶಾರ್ಟ್‌ಲಿಸ್ಟಿಗೆ ಮಾತ್ರ. ಆಯ್ಕೆ ಪೂರ್ತಿ ಸಂದರ್ಶನದ ಮೇಲೆ ಎಂದು ಅಲ್ಲೇ ಬರೆದಿದೆ. ಅಂದರೆ ಸಂಖ್ಯೆ ಬಾಗಿಲು ಕಾಯುತ್ತದೆ, ಒಳಗಿನ ವ್ಯವಹಾರ ಎಂದಿನಂತೆ ನಡೆಯುತ್ತದೆ. ಬೇಡವಾದವನನ್ನು ಹೊರಗಿಡಲು ಅಂಕ, ಬೇಕಾದವನನ್ನು ತೆಗೆದುಕೊಳ್ಳಲು ಸಂದರ್ಶನ. ಮೊದಲು ವಶೀಲಿಗೆ ಅಳುಕಾದರೂ ಇತ್ತು. ಈಗ ಅದರ ಕೈಯಲ್ಲಿ ಎಕ್ಸೆಲ್ ಶೀಟಿದೆ. 2025ರ ಜನವರಿಯ ಕರಡು ನಿಯಮಾವಳಿ ಈ ಅಂಕಪದ್ಧತಿಯನ್ನು ಕೈಬಿಡುವ ಮಾತಾಡಿತು. ಅದರ ಮೇಲೆ ರಾಜ್ಯಗಳು ಎಬ್ಬಿಸಿದ ಗದ್ದಲ ಬಹುಪಾಲು ಕುಲಪತಿಯನ್ನು ಯಾರು ನೇಮಿಸಬೇಕು ಎಂಬುದರ ಸುತ್ತಲೇ ಸುತ್ತಿತು. ಮೇಷ್ಟ್ರನ್ನು ಹೇಗೆ ಆರಿಸಬೇಕು ಎಂಬುದು ಯಾರಿಗೂ ಸುದ್ದಿಯಾಗಲಿಲ್ಲ.

ಈಗ ನನ್ನ ವಾದಕ್ಕೇ ಎದುರಾಗುವ ಕಥೆಯೊಂದನ್ನು ಹೇಳಬೇಕು, ಹೇಳದಿದ್ದರೆ ಮೋಸ. ಹಳೆಯ ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ 1933ರಲ್ಲಿ ಸಿ.ವಿ. ರಾಮನ್ ನಿರ್ದೇಶಕರಾದರು. ಅದೇ ವರ್ಷ ಜರ್ಮನಿಯಲ್ಲಿ ನಾಜಿಗಳು ಯಹೂದಿ ಪ್ರಾಧ್ಯಾಪಕರನ್ನು ಕೆಲಸದಿಂದ ತೆಗೆದುಹಾಕಿದರು. ಹಾಗೆ ಹೊರಬಿದ್ದವರಲ್ಲಿ ಗಾಟಿಂಗೆನ್‌ನ ಮ್ಯಾಕ್ಸ್ ಬಾರ್ನ್ ಒಬ್ಬರು. ಪೌಲಿ, ಹೈಸೆನ್‌ಬರ್ಗ್ ಇಬ್ಬರೂ ಒಂದು ಕಾಲಕ್ಕೆ ಅವರ ಸಹಾಯಕರಾಗಿದ್ದವರು. ರಾಮನ್ ಅವರನ್ನು ಬೆಂಗಳೂರಿಗೆ ಕರೆಸಿಕೊಂಡರು. 1935ರ ಕೊನೆಯಿಂದ ಸುಮಾರು ಆರು ತಿಂಗಳು ಬಾರ್ನ್ ದಂಪತಿ ಇಲ್ಲಿದ್ದರು. ಅವರಿಗೆ ಕಾಯಂ ಪೀಠ ಕೊಡಬೇಕೆಂದು ರಾಮನ್ ಸಭೆಯ ಮುಂದೆ ಪ್ರಸ್ತಾವ ಇಟ್ಟಾಗ ಎದ್ದು ನಿಂತವರು ಆಸ್ಟನ್ ಎಂಬ ಇಂಗ್ಲಿಷ್ ಪ್ರಾಧ್ಯಾಪಕ, ವಿದ್ಯುತ್ ಎಂಜಿನಿಯರಿಂಗ್ ವಿಭಾಗದವರು. ಸ್ವಂತ ದೇಶದಿಂದ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಎಂಬರ್ಥದ ಮಾತಾಡಿದರು, ಬಾರ್ನ್ ಎದುರಿಗೇ ಕೂತಿದ್ದಾಗ. ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತದ್ದನ್ನು ಬಾರ್ನ್ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಪೀಠ ಸಿಗಲಿಲ್ಲ. 1936ರಲ್ಲಿ ಎಡಿನ್‌ಬರೋಕ್ಕೆ ಹೋದರು. 1954ರಲ್ಲಿ ನೊಬೆಲ್ ಬಂತು.

"ನೋಡಿದಿರಾ, ಸಮಿತಿಯ ಬಾಯಿಗೆ ಬಿಟ್ಟರೆ ಹೀಗಾಗುತ್ತದೆ" ಎಂದು ಸಂಖ್ಯೆಯವರು ಈ ಕಥೆಯನ್ನು ಎತ್ತಿಕೊಳ್ಳಬಹುದು. ಎತ್ತಿಕೊಳ್ಳಲಿ. ಬಾರ್ನ್‌ರ ಸೈಟೇಶನ್ ಎಣಿಸಿದ್ದರೆ ಸಿಕ್ಕಿಬಿಡುತ್ತಿದ್ದರು ಎಂಬುದೂ ನಿಜ. ಆದರೆ ಆ ಸಭೆಯಲ್ಲಿ ನಡೆದದ್ದೇನು? ಕ್ವಾಂಟಂ ಸಿದ್ಧಾಂತ ತನ್ನ ಕ್ಷೇತ್ರವಲ್ಲದ ಒಬ್ಬ ಅದರ ಕರ್ತೃಗಳಲ್ಲೊಬ್ಬನಿಗೆ ದರ್ಜೆ ಕೊಟ್ಟ. ಅವನನ್ನು ಯಾರೂ "ಇವರ ಯಾವ ಕೆಲಸ ಓದಿದ್ದೀರಿ? ಯಾವುದು ಎರಡನೇ ದರ್ಜೆ? ಬರೆದುಕೊಡಿ" ಎಂದು ಕೇಳಲಿಲ್ಲ. ಇವತ್ತಿನ ನಮ್ಮ ಸಮಿತಿಗಳಲ್ಲೂ ಯಾರೂ ಕೇಳುವುದಿಲ್ಲ. ಆಸ್ಟನ್ ಓದದೆ ತೀರ್ಪು ಕೊಟ್ಟರು, ನಾವೂ ಓದದೆ ಕೊಡುತ್ತೇವೆ. ಅವರಿಗೆ ಬಾಯಿ ಇತ್ತು, ನಮಗೆ ಸ್ಕೋಪಸ್ ಇದೆ.

ಅದೇ ಆವರಣದಲ್ಲಿ ಇದಕ್ಕೆ ತದ್ವಿರುದ್ಧವಾದದ್ದೂ ನಡೆದಿದೆ. ಸತೀಶ್ ಧವನ್ ಕ್ಯಾಲ್ಟೆಕ್‌ನಿಂದ ಪಿಎಚ್‌ಡಿ ಮುಗಿಸಿ 1951ರಲ್ಲಿ ಇಲ್ಲಿಗೆ ಬಂದವರು, 1960ರ ದಶಕದ ಆರಂಭದಿಂದ 1981ರವರೆಗೆ ನಿರ್ದೇಶಕರು. ಅವರ ಕಾಲದಲ್ಲಿ ಒಳಗೆ ಬಂದವರನ್ನು, ದಾರಿ ಬದಲಿಸಲು ಬಿಟ್ಟವರನ್ನು ನೋಡಿ. 1973ರಲ್ಲಿ ಹಾರ್ವರ್ಡ್‌ನಿಂದ ಬಂದಿದ್ದ ಮಾಧವ ಗಾಡ್ಗೀಳ್, ಸುಲೋಚನಾ ಗಾಡ್ಗೀಳ್ ದಂಪತಿ ಸಂಸ್ಥೆ ಸೇರಿದರು. ಒಬ್ಬರದು ಪರಿಸರ ವಿಜ್ಞಾನ, ಇನ್ನೊಬ್ಬರದು ಮುಂಗಾರಿನ ಅಧ್ಯಯನ. ಎರಡಕ್ಕೂ ಆಗ ಅಲ್ಲಿ ಸಿದ್ಧ ವಿಭಾಗವೇ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಅರ್ಜಿ ಹಾಕಿದರೆ ಇವತ್ತಿಗೂ ಮುಖ ಮುರಿಯುವ ಸಂಸ್ಥೆಗಳಿವೆ. ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ಜಗತ್ತೇ ಓದುವ ಪಠ್ಯ ಬರೆದಿದ್ದ ಅಮೂಲ್ಯ ರೆಡ್ಡಿ 1974ರಲ್ಲಿ ಅದೆಲ್ಲ ಬದಿಗಿಟ್ಟು ಹಳ್ಳಿಗಳಿಗಾಗಿ ತಂತ್ರಜ್ಞಾನ ಎಂದು 'ಅಸ್ತ್ರ' ಕಟ್ಟಿದರು. ಕುಣಿಗಲ್ ಹತ್ತಿರದ ಉಂಗ್ರದಲ್ಲಿ ಅದರ ಕೇಂದ್ರ. ಸಿವಿಲ್ ವಿಭಾಗದ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣನ್ನು ಒತ್ತಿ ಇಟ್ಟಿಗೆ ಮಾಡುವುದು ಹೇಗೆ, ಸೌದೆ ಉಳಿಸಿ ಹೊಗೆ ಹೊರಗೆ ಕಳಿಸುವ ಒಲೆ ಹೇಗೆ ಎಂದು ತಲೆ ಕೆಡಿಸಿಕೊಂಡರು. ಮೂರು ಪಾತ್ರೆಯ ಆ 'ಅಸ್ತ್ರ ಒಲೆ' ಕರ್ನಾಟಕದ ಹಳ್ಳಿಗಳ ಅಡುಗೆಮನೆ ಹೊಕ್ಕಿತು. ನಮ್ಮ ಮನೆಯಲ್ಲೂ ಇತ್ತು. ಅಮ್ಮ ಅದರ ಎರಡನೇ ಕಣ್ಣಿನ ಮೇಲೆ ಅನ್ನ ಇಟ್ಟು ಮೂರನೆಯದರಲ್ಲಿ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಳು. ಆ ಒಲೆಗೆ ಕೋಷ್ಟಕದಲ್ಲಿ ಎಷ್ಟು ಅಂಕ? ಹುಡುಕಿ ನೋಡಿ, ಒಲೆಗೆ ಸಾಲೇ ಇಲ್ಲ.

ಸಂಖ್ಯೆಯ ಜೊತೆಗೆ ಇನ್ನೊಂದು ಚಾಳಿಯೂ ಇದೆ: ನಮ್ಮವರಿಗೆ ಹಿತ್ತಲ ಗಿಡ ಮದ್ದಲ್ಲ. ಬೆಳಗಾವಿಯಿಂದ ಬಂದ ಪಿಎಚ್‌ಡಿ, ಸುರತ್ಕಲ್ಲಿನಿಂದ ಬಂದ ಪಿಎಚ್‌ಡಿ ಪಕ್ಕಕ್ಕೆ ಸರಿದು, ಹೊರದೇಶದಲ್ಲಿ ಎರಡು ವರ್ಷ ಪೋಸ್ಟ್‌ಡಾಕ್ ಮಾಡಿದವರು ಮುಂದೆ ಬರುತ್ತಾರೆ. ಐಐಟಿಗಳ ಜಾಹೀರಾತಿನಲ್ಲಿ ಪಿಎಚ್‌ಡಿ ಜೊತೆಗೆ ಹಿಂದಿನ ಡಿಗ್ರಿಯಲ್ಲಿ ಫಸ್ಟ್ ಕ್ಲಾಸು, ಉದ್ದಕ್ಕೂ ಅತ್ಯುತ್ತಮ ಶೈಕ್ಷಣಿಕ ದಾಖಲೆ ಎಂಬ ಸಾಲು ಖಾಯಂ. ಉದ್ದಕ್ಕೂ! ಕನ್ನಡ ಮೀಡಿಯಂನಿಂದ ಬಂದು ಮೊದಲ ವರ್ಷ ಇಂಗ್ಲಿಷ್ ಗಣಿತದ ಮುಂದೆ ತತ್ತರಿಸಿ, ಮೂರನೇ ವರ್ಷಕ್ಕೆ ಎದ್ದು ನಿಂತ ಹುಡುಗನ ದಾಖಲೆ ಉದ್ದಕ್ಕೂ ಹೇಗೆ ಚೆನ್ನಾಗಿರುತ್ತದೆ? ಹತ್ತೊಂಬತ್ತರ ವಯಸ್ಸಿನ ಎಂ-ಟು ಗಣಿತ ಪರೀಕ್ಷೆ ಮೂವತ್ತೆರಡರಲ್ಲಿ ಅವನ ಲ್ಯಾಬಿನ ಬಾಗಿಲು ಹಾಕುತ್ತದೆ. 2019ರಲ್ಲಿ ಕೇಂದ್ರದ ಶಿಕ್ಷಣ ಸಂಸ್ಥೆಗಳ ಬೋಧಕ ಹುದ್ದೆಗೆ ಮೀಸಲಾತಿ ಕಾಯ್ದೆ ಬಂತು. ಕಾಯ್ದೆ ಬಂದರೂ ಕಡತದಲ್ಲಿ ಹಳೆಯ ಷರಾ ಮುಗಿಯಲಿಲ್ಲ: "ಸೂಕ್ತ ಅಭ್ಯರ್ಥಿ ದೊರೆಯಲಿಲ್ಲ." ಯಾಕೆ ಸೂಕ್ತರಲ್ಲ ಎಂದು ಕೇಳಿ, ಸಿಗುವ ಉತ್ತರ ಮತ್ತೆ ಸಂಖ್ಯೆ. ಸಂಖ್ಯೆಗೆ ಜಾತಿ ಇಲ್ಲ ಎನ್ನುವವರು ಸಂಖ್ಯೆ ಎಲ್ಲಿ ಬೆಳೆಯುತ್ತದೆ ಎಂದು ನೋಡಿದವರಲ್ಲ. ದೊಡ್ಡ ಲ್ಯಾಬು, ಹೆಸರಿನ ಗೈಡು, ಇಂಗ್ಲಿಷ್ ತಿದ್ದಿಕೊಡುವ ಗೆಳೆಯರು ಇದ್ದ ಕಡೆ ಅದು ಹುಲುಸಾಗಿ ಬೆಳೆಯುತ್ತದೆ.

ಕೊನೆಗೆ ಉಳಿಯುವ ಆಕ್ಷೇಪ ಒಂದೇ: ಸಮಯ ಎಲ್ಲಿದೆ? ಇನ್ನೂರು ಅರ್ಜಿ ಬರುತ್ತವೆ, ಯಾರು ಓದುತ್ತಾರೆ? ಇದಕ್ಕೆ ನಮ್ಮ ಸ್ಟೋರ್ಸ್ ವಿಭಾಗವೇ ಉತ್ತರ. ಇಪ್ಪತ್ತು ಲಕ್ಷದ ಒಂದು ಪರೀಕ್ಷಾ ಯಂತ್ರ ಕೊಳ್ಳಬೇಕೆಂದರೆ ಎಷ್ಟು ಕೆಲಸ! ತಾಂತ್ರಿಕ ಸಮಿತಿ, ಟೆಂಡರು, ಟೆಕ್ನಿಕಲ್ ಬಿಡ್ಡು, ಡೆಮೋ, ಬಂದ ಮೇಲೆ ಓಡಿಸಿ ನೋಡಿ ಸಹಿ. ಆಡಿಟ್ ಭಯಕ್ಕೆ ಪ್ರತಿ ಹೆಜ್ಜೆಗೂ ಕಾರಣ ಬರೆದಿಡುತ್ತೇವೆ. ಐಐಟಿಯಲ್ಲಿ ಕಾಯಂ ಸಹಾಯಕ ಪ್ರಾಧ್ಯಾಪಕನ ಆರಂಭದ ಮೂಲ ವೇತನ ತಿಂಗಳಿಗೆ 1,01,500 ರೂಪಾಯಿ. ಮೂವತ್ತೈದಕ್ಕೆ ಸೇರಿ 65ಕ್ಕೆ ನಿವೃತ್ತನಾಗುವವನಿಗೆ ಒಂದು ಇನ್‌ಕ್ರಿಮೆಂಟೂ ಕೊಡದೆ, ಭತ್ಯೆಯನ್ನೂ ಸೇರಿಸದೆ ಲೆಕ್ಕ ಹಾಕಿದರೂ ಮೂರೂವರೆ ಕೋಟಿ ದಾಟುತ್ತದೆ. ಇಪ್ಪತ್ತು ಲಕ್ಷಕ್ಕೆ ಆರು ತಿಂಗಳು, ಮೂರೂವರೆ ಕೋಟಿಗೆ ಹದಿನೈದು ನಿಮಿಷ. ಆ ಮೂವತ್ತು ವರ್ಷದಲ್ಲಿ ಅವನ ಕೈಕೆಳಗೆ ಓದುವ ಮಕ್ಕಳ ಲೆಕ್ಕ ಯಾವ ಆಡಿಟಿಗೂ ಬರುವುದಿಲ್ಲ.

ಓದುವುದು ಅಸಾಧ್ಯವೂ ಅಲ್ಲ. ಪ್ರತಿ ಅಭ್ಯರ್ಥಿಯೂ ತನ್ನ ಮೂರೇ ಕೆಲಸ ಕೊಡಲಿ. ಪೇಪರಾಗಬಹುದು, ಪೇಟೆಂಟಾಗಬಹುದು, ಸೇತುವೆಯ ವಿನ್ಯಾಸವಾಗಬಹುದು, ಸವೆದ ಬೇರಿಂಗೂ ಆಗಬಹುದು. ಇದರಲ್ಲಿ ನನ್ನ ಪಾಲೆಷ್ಟು ಎಂದು ಒಂದೊಂದು ಪುಟ ಬರೆಯಲಿ. ಇನ್ನೂರರಿಂದ ಹನ್ನೆರಡಕ್ಕೆ ಇಳಿಸುವ ಕೆಲಸ ಆ ಪುಟಗಳನ್ನು ಓದಿ ವಿಭಾಗದ ಮೇಷ್ಟ್ರುಗಳೇ ಮಾಡಲಿ. ಹನ್ನೆರಡು ಜನಕ್ಕೆ 36 ಕೆಲಸ. ಸಮಿತಿಯ ಆರು ಜನದಲ್ಲಿ ಇಬ್ಬಿಬ್ಬರು ಒಂದೊಂದನ್ನು ಓದಿದರೆ ತಲೆಗೆ ಹನ್ನೆರಡು. ಒಂದು ವಾರದ ಸಂಜೆಗಳು ಸಾಕು. ಅಮೆರಿಕದ ಸಂಶೋಧನಾ ವಿಶ್ವವಿದ್ಯಾಲಯಗಳಲ್ಲಿ ಅಭ್ಯರ್ಥಿಯನ್ನು ಕರೆಸಿ ಒಂದೆರಡು ದಿನ ಇಟ್ಟುಕೊಳ್ಳುತ್ತಾರೆ, ಉಪನ್ಯಾಸ ಕೊಡಿಸುತ್ತಾರೆ, ವಿದ್ಯಾರ್ಥಿಗಳ ಜೊತೆ ಊಟಕ್ಕೆ ಕೂರಿಸುತ್ತಾರೆ. ಅವರಲ್ಲೂ ಶಿಫಾರಸು ಪತ್ರದ ಹೆಸರಲ್ಲಿ ಅವರದೇ ಬಗೆಯ ವಶೀಲಿ ಇದೆ, ಅವರನ್ನು ದೇವರು ಮಾಡಿಕೊಳ್ಳುವುದು ಬೇಡ. ಆದರೆ ಜಾಗತಿಕ ಮಟ್ಟ ಎಂದು ಬಾಯಿ ತುಂಬ ಹೇಳುವ ನಾವು ಅವರಿಂದ ತಂದುಕೊಂಡದ್ದು ರ‍್ಯಾಂಕಿಂಗ್ ಪಟ್ಟಿಯನ್ನು, ಆ ಎರಡು ದಿನಗಳನ್ನಲ್ಲ. ವಶೀಲಿಯ ಭಯಕ್ಕೆ ಮದ್ದು ಎಣಿಕೆಯಲ್ಲ, ಬರೆದ ಕಾರಣ. ಪ್ರತಿ ಸದಸ್ಯನೂ ತಾನು ಏನು ಓದಿದೆ, ಏನು ಕಂಡೆ, ಯಾಕೆ ಬೇಕು ಅಥವಾ ಬೇಡ ಎಂದು ಸಹಿ ಹಾಕಿ ಬರೆಯಲಿ. ಅಭ್ಯರ್ಥಿ ಕೇಳಿದರೆ ಕೊಡಲಿ. ಹಾರುಬೂದಿಯ ಮೂರು ಪೇಪರನ್ನು ನಾನು ಹಾಗೆ ಹೆಸರಿಟ್ಟು ಮೆಚ್ಚಿ ಬರೆಯಬೇಕಾಗಿದ್ದರೆ ಪೆನ್ನು ನಡುಗುತ್ತಿತ್ತು.

ಹೊರಗಿನ ತಜ್ಞರಾಗಿ ಹೋಗುವ ನನ್ನಂಥವರಿಗೆ ಒಂದು ಮಾತು. ಮುಂದಿನ ಸಲ ಕುಲಸಚಿವರ ಪತ್ರ ಬಂದಾಗ, ಟಿಎ ಬಿಲ್ಲಿನ ಫಾರಂ ಜೊತೆಗೆ ಅಭ್ಯರ್ಥಿಗಳ ಕೆಲಸವನ್ನೂ ಹದಿನೈದು ದಿನ ಮುಂಚೆ ಕಳಿಸಿ ಎಂದು ಬರೆಯಿರಿ. ಕಳಿಸದಿದ್ದರೆ ಹೋಗಬೇಡಿ.